ಸೌದೆ ಖರೀದಿ: ತೂಕ ಸರಿಯಿದ್ದರೂ ನಷ್ಟವಾಗುವುದೇಕೆ?

ಪ್ರಶ್ನೆ (ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರ್ತಿ)

ಮಾನ್ಯರೇ,

ಸ್ವಂತ ತೋಟದ ಅಡಿಕೆಯ ಜೊತೆಗೆ ಅಕ್ಕಪಕ್ಕದ ತೋಟಗಳ ಖೇಣಿಯನ್ನೂ (ಫಸಲಿನ ಗುತ್ತಿಗೆಯನ್ನು) ಹಿಡಿದು, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವ ಕುಟುಂಬ ನಮ್ಮದು. ಕೊಯ್ಲು ಶುರುವಾದ ಮೇಲೆ ಹಂಡೆಯ ಕೆಳಗಿನ ಬೆಂಕಿ ಆರುವುದೇ ಅಪರೂಪ. ಬಯಲು ಸೀಮೆಯ ನಮಗೆ ಮಲೆನಾಡಿನವರಿಗಿರುವಂತೆ ತೋಟಕ್ಕೆ ಸೊಪ್ಪು, ಸೌದೆ ತಂದುಕೊಳ್ಳುವ ಸೊಪ್ಪಿನ ಬೆಟ್ಟವಿಲ್ಲ. ಸೋಗೆ, ಹಾಳೆ, ಬಿದ್ದ ಅಡಿಕೆ ಮರ, ಒಣಗಿದ ಸಿಪ್ಪೆ ಇವೆಲ್ಲವನ್ನೂ ಉರಿಸಿದ ಮೇಲೂ ಪ್ರತಿ ವರ್ಷ ಸೌದೆ ಕೊಳ್ಳಲೇಬೇಕಾಗುತ್ತದೆ.

ನಮಗೆ ಸೌದೆ ಕೊಡುವವರಲ್ಲಿ ಎರಡು ಬಗೆಯವರಿದ್ದಾರೆ. ಒಬ್ಬರು ಟ್ರ್ಯಾಕ್ಟರ್ ಲೋಡಿಗೆ ಇಷ್ಟು ಎಂದು ದರ ಹೇಳುತ್ತಾರೆ. ಟ್ರೈಲರ್ ಅದೇ, ದರವೂ ಅದೇ; ಆದರೆ ಒಂದು ಲೋಡು ಇಳಿಸಿ ಜೋಡಿಸಿದಾಗ ಎದೆಮಟ್ಟ ಬರುವ ಒಟ್ಟಿಲು ಇನ್ನೊಂದು ಲೋಡಿನಲ್ಲಿ ಸೊಂಟದ ಮಟ್ಟಕ್ಕೇ ನಿಲ್ಲುತ್ತದೆ. ಇನ್ನೊಬ್ಬರು ವೇಬ್ರಿಡ್ಜ್ ಚೀಟಿ ಸಮೇತ ಟನ್ನಿನ ಲೆಕ್ಕದಲ್ಲಿ ಕೊಡುತ್ತಾರೆ. ಚೀಟಿಯಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಿಲ್ಲ. ಆದರೆ ಅವರ ಸೌದೆಯನ್ನು ಒಲೆಗೆ ಇಟ್ಟರೆ ಹಿಂತುದಿಯಿಂದ ನೊರೆ ಉಕ್ಕುತ್ತದೆ, ಹೊಗೆಗೆ ಕೆಲಸದವರು ಕಣ್ಣು ಬಿಡಲಾಗುವುದಿಲ್ಲ, ಹಂಡೆ ಕುದಿಯಲು ಮಾಮೂಲಿಗಿಂತ ಬಹಳ ಹೊತ್ತು ಬೇಕಾಗುತ್ತದೆ. ಕೇಳಿದರೆ "ತೂಕ ಸರಿಯಿದೆಯಲ್ಲ ಅಮ್ಮ" ಎಂಬ ಒಂದೇ ಉತ್ತರ.

ನನ್ನ ಸಂಶಯಗಳಿವು. ಸೌದೆಯನ್ನು ಲೋಡಿನಲ್ಲಿ ಕೊಳ್ಳುವುದು ನ್ಯಾಯವೋ, ತೂಕದಲ್ಲಿ ಕೊಳ್ಳುವುದು ನ್ಯಾಯವೋ? ಒಣ ಸೌದೆ ಎಂದು ಹೇಳಿ ಹಸಿಯದನ್ನು ಕೊಟ್ಟರೆ ಪ್ರಶ್ನಿಸಲು ಕಾನೂನಿನಲ್ಲಿ ಆಧಾರವಿದೆಯೇ? ಎಷ್ಟು ಹಸಿ ಎಂಬುದನ್ನು ಮನೆಯಲ್ಲೇ ಅಳೆಯುವ, ಮಾರುವವರೂ ಒಪ್ಪುವಂತಹ ಕ್ರಮ ಯಾವುದಾದರೂ ಇದೆಯೇ? ಜಗಳವಾಡುವ ಉದ್ದೇಶ ನನಗಿಲ್ಲ. ಬರುವ ವರ್ಷವೂ ಇವರಿಂದಲೇ ಕೊಳ್ಳಬೇಕಾದವಳು ನಾನು.

ಉತ್ತರ 1 (ಕಾನೂನು ಮಾಪನಶಾಸ್ತ್ರ ಇಲಾಖೆಯ ನಿವೃತ್ತ ನಿರೀಕ್ಷಕ)

ಅಳತೆಯ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ. ಲೋಡು, ಗಾಡಿ, ಹೊರೆ ಇವು ರೂಢಿಯ ಮಾತುಗಳೇ ಹೊರತು ಅಳತೆಗಳಲ್ಲ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ 11ನೇ ಕಲಮಿನ ಪ್ರಕಾರ ಯಾವುದೇ ಸರಕಿನ ದರವನ್ನು ಪ್ರಮಾಣಿತ ತೂಕ, ಅಳತೆ ಅಥವಾ ಎಣಿಕೆಯ ಮಾನದಲ್ಲೇ ಹೇಳಬೇಕು. ಸೌದೆಗೆ ಇದನ್ನು ಅನ್ವಯಿಸಿದರೆ ಕಿಲೋ, ಕ್ವಿಂಟಾಲ್, ಟನ್ ಅಥವಾ ಘನ ಮೀಟರ್ ಆಗಬೇಕು. ಅದರ ಮುಂದಿನ 12ನೇ ಕಲಮು ಇನ್ನೂ ಮುಖ್ಯವಾದದ್ದು: ಒಪ್ಪಿಕೊಂಡ ಪ್ರಮಾಣಕ್ಕಿಂತ ಹೆಚ್ಚು ಪಡೆಯಲು ಅಥವಾ ಕಡಿಮೆ ಕೊಡಲು ಅವಕಾಶ ಮಾಡಿಕೊಡುವ ಯಾವುದೇ ರೂಢಿ, ಸಂಪ್ರದಾಯ, ಪದ್ಧತಿ ಅಸಿಂಧು ಎಂದು ಅದು ಹೇಳುತ್ತದೆ. "ನಮ್ಮ ಕಡೆ ಹೀಗೇ ನಡೆದುಕೊಂಡು ಬಂದಿದೆ" ಎಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ. ರೈಲ್ವೆ ಮಣ ಸುಮಾರು 37 ಕಿಲೋ, ದಕ್ಷಿಣದ ಹಳೆಯ ಮಣ ಸುಮಾರು 11 ಕಿಲೋ ಇದ್ದ ಗೊಂದಲವನ್ನು ಮುಗಿಸಲೆಂದೇ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದು, 1958ರಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಯಾಯಿತು. ಇಷ್ಟು ವರ್ಷಗಳ ನಂತರವೂ ಸೌದೆಯ ವ್ಯಾಪಾರ ಟ್ರೈಲರಿನ ಗಾತ್ರದ ಮೇಲೆ ನಡೆಯುತ್ತಿರುವುದು ಬೇಸರದ ಸಂಗತಿ.

ಇನ್ನು ವೇಬ್ರಿಡ್ಜ್. ಅದನ್ನು 12 ತಿಂಗಳಿಗೊಮ್ಮೆ ಪರಿಶೀಲಿಸಿ ಮುದ್ರೆ ಹಾಕಿರಬೇಕು, ಪ್ರಮಾಣಪತ್ರ ಎಲ್ಲರಿಗೂ ಕಾಣುವಂತಿರಬೇಕು. ಚೀಟಿಯಲ್ಲಿ ಒಟ್ಟು ತೂಕ, ಖಾಲಿ ವಾಹನದ ತೂಕ, ನಿವ್ವಳ ತೂಕ ಮೂರೂ ಬೇಕು. ಜೊತೆಗೆ ಎರಡೂ ತೂಕಗಳ ದಿನ ಮತ್ತು ಸಮಯ ಇರಬೇಕು. ಹಿಂದೆಂದೋ ಮಾಡಿಸಿದ ಖಾಲಿ ತೂಕವನ್ನೇ ಪ್ರತಿ ಸಲ ಕಳೆಯುವುದು ನಾನು ಸೇವೆಯಲ್ಲಿದ್ದಾಗ ಪದೇ ಪದೇ ಕಂಡ ದೋಷ. ಟ್ರೈಲರಿನ ಕೆಸರು, ಟ್ಯಾಂಕಿನ ಡೀಸೆಲ್, ಒಮ್ಮೆ ಸೀಟಿನಲ್ಲಿ ಕುಳಿತು ಇನ್ನೊಮ್ಮೆ ಕೆಳಗಿಳಿದು ನಿಲ್ಲುವ ಚಾಲಕ ಇವೆಲ್ಲ ಸೇರಿದರೆ ವ್ಯತ್ಯಾಸ ಸಣ್ಣದಾಗಿ ಉಳಿಯುವುದಿಲ್ಲ. ಇಳಿಸಿದ ದಿನವೇ, ಅದೇ ವೇಬ್ರಿಡ್ಜಿನಲ್ಲಿ ಖಾಲಿ ವಾಹನವನ್ನು ತೂಗಿಸಿಕೊಳ್ಳಿ. ತೂಗುವಾಗ ಟ್ರ್ಯಾಕ್ಟರ್ ಮತ್ತು ಟ್ರೈಲರಿನ ಎಲ್ಲ ಚಕ್ರಗಳೂ ಒಟ್ಟಿಗೆ ವೇದಿಕೆಯ ಮೇಲಿರಬೇಕು. ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. 20 ಕಿಲೋ ಹಂತಗಳಲ್ಲಿ ತೂಕ ತೋರಿಸುವ ವೇಬ್ರಿಡ್ಜಿನಲ್ಲಿ 400 ಕಿಲೋಗಿಂತ ಕಡಿಮೆಯದನ್ನು ತೂಗಬಾರದು. ಅದು ಆ ಯಂತ್ರದ ಕನಿಷ್ಠ ಮಿತಿ. ಕ್ವಿಂಟಾಲ್ ಲೆಕ್ಕದಲ್ಲಿ ಸೌದೆ ಕೊಳ್ಳುವವರು ಪ್ಲಾಟ್‌ಫಾರಂ ತಕ್ಕಡಿಯಲ್ಲೇ ತೂಗಿಸಿಕೊಳ್ಳಬೇಕು.

ತೂಕದಲ್ಲಿ ಮೋಸವಾಗಿದ್ದರೆ ನಿಮ್ಮ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಕಚೇರಿಗೆ ಲಿಖಿತ ದೂರು ಕೊಡಬಹುದು, 1915 ಗ್ರಾಹಕ ಸಹಾಯವಾಣಿಯೂ ಇದೆ. ಆದರೆ ನೀರು ತುಂಬಿದ ಸೌದೆಯನ್ನು ಸರಿಯಾಗಿ ತೂಗಿದರೆ ಇಲಾಖೆಯ ದೃಷ್ಟಿಯಲ್ಲಿ ಆ ತೂಕ ಸರಿಯೇ. ಹಸಿಯ ಪ್ರಶ್ನೆಗೆ ಬೇರೆ ಕಾನೂನನ್ನು ನೋಡಬೇಕು. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮಿನ ಪ್ರಕಾರ ವರ್ಣನೆ ಹೇಳಿ ಮಾರಿದ ಸರಕು ಆ ವರ್ಣನೆಗೆ ಹೊಂದಲೇಬೇಕು. 17ನೇ ಕಲಮಿನ ಪ್ರಕಾರ ಮಾದರಿ ತೋರಿಸಿ ಮಾರಿದ್ದು ಮಾದರಿಗೆ ಹೊಂದಬೇಕು. ನಿಮ್ಮ ಬಿಲ್ಲಿನಲ್ಲಿ ಬರೀ "ಸೌದೆ" ಎಂದಿದ್ದರೆ ಬಂದದ್ದು ಸೌದೆಯೇ, ವಾದಿಸಲು ಏನೂ ಉಳಿಯುವುದಿಲ್ಲ. "ಸೀಳಿದ ಒಣ ಜಾಲಿ ಸೌದೆ, ತೇವಾಂಶ ಇಷ್ಟರೊಳಗೆ" ಎಂದಿದ್ದರೆ ನಿಮ್ಮ ಕೈಯಲ್ಲಿ ಹಕ್ಕಿರುತ್ತದೆ. ಆದ್ದರಿಂದ ಬಿಲ್ಲು ಕೇಳಿ, ಆ ಬಿಲ್ಲಿನಲ್ಲಿ ಏನು ಬರೆದಿದೆ ಎಂಬುದನ್ನೂ ನೋಡಿ.

ಉತ್ತರ 2 (ಒಲೆ ಮತ್ತು ಬಾಯ್ಲರುಗಳ ವಿನ್ಯಾಸದಲ್ಲಿ ಕೆಲಸ ಮಾಡುವ ಎಂಜಿನಿಯರ್, ಬೆಂಗಳೂರು)

ಮೇಲಿನವರು ನಿಲ್ಲಿಸಿದ ಕಡೆಯಿಂದ ಮುಂದುವರಿಸುತ್ತೇನೆ, ಏಕೆಂದರೆ ನಿಮಗಾಗುತ್ತಿರುವ ನಷ್ಟದ ಮೂಲ ಇರುವುದು ಅಲ್ಲೇ. ಆಗ ತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರಿರುತ್ತದೆ. ಸೀಳಿ, ಗಾಳಿಯಾಡುವಂತೆ ಒಟ್ಟಿ, ಕೆಲವು ತಿಂಗಳು ಬಿಟ್ಟರೆ ಅದು ಶೇಕಡಾ 15ರಿಂದ 20ಕ್ಕೆ ಇಳಿಯುತ್ತದೆ. ಪೂರ್ತಿ ಒಣಗಿದ ಒಂದು ಕಿಲೋ ಸೌದೆಯಲ್ಲಿ, ಮರ ಯಾವುದೇ ಇರಲಿ, ಹೆಚ್ಚು ಕಡಿಮೆ 18ರಿಂದ 19 ಮೆಗಾಜೂಲ್ ಶಾಖವಿದೆ. ಶೇಕಡಾ 20 ತೇವಾಂಶವಿದ್ದರೆ ಕಿಲೋಗೆ 14ರ ಆಸುಪಾಸು ಸಿಗುತ್ತದೆ. ಶೇಕಡಾ 50 ಇದ್ದರೆ ಸುಮಾರು 8 ಮಾತ್ರ. ಒಳಗಿನ ನೀರು ಆವಿಯಾಗಿ ಹೋಗಲು ಬೇಕಾದ ಶಾಖವನ್ನೂ ಸೌದೆಯೇ ಕೊಡಬೇಕು. ತುದಿಯಲ್ಲಿ ನೀವು ಕಾಣುವ ನೊರೆ ಅದೇ.

ಇದನ್ನು ಹಣಕ್ಕೆ ಇಳಿಸಿ ನೋಡಿ. ಲೆಕ್ಕದ ಅನುಕೂಲಕ್ಕೆ ಹಸಿ ಸೌದೆಯ ದರ ಟನ್ನಿಗೆ 4000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅದರಲ್ಲಿ ಅರ್ಧ ನೀರಾದರೆ ನಿಮಗೆ ದಕ್ಕಿದ್ದು 500 ಕಿಲೋ ಮರ, ಕಿಲೋಗೆ 8 ರೂಪಾಯಿ. ಶೇಕಡಾ 20 ತೇವಾಂಶದ ಸೌದೆಯಲ್ಲಿ ಮರ 800 ಕಿಲೋ; ಅದಕ್ಕೆ 6400 ಕೊಟ್ಟರೂ ಮರದ ಕಿಲೋ ದರ ಅಷ್ಟೇ. ಶಾಖದ ಲೆಕ್ಕ ಹಿಡಿದರೆ 7000 ಕೊಟ್ಟರೂ ನಷ್ಟವಿಲ್ಲ. ಹಾಗಾಗಿ 6000 ರೂಪಾಯಿಯ ಒಣ ಸೌದೆಯನ್ನು ದುಬಾರಿ ಎಂದು ಬಿಟ್ಟು 4000ದ ಹಸಿ ಸೌದೆಯನ್ನು ಕೊಳ್ಳುವವರು ದುಡ್ಡನ್ನು ಹೊಗೆಯಾಗಿಸಿದಂತೆಯೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದ ಒಲೆಯಂತಹ ಒಳ್ಳೆಯ ಒಲೆಗಳನ್ನು ಕಟ್ಟಿಸಿಕೊಂಡವರು ಕೂಡ ಹಸಿ ಸೌದೆ ಹಾಕಿ, ಒಲೆಯ ಮೇಲೆ ದೂರು ಹೇಳುವುದನ್ನು ಕೇಳಿದ್ದೇನೆ.

ಅಳೆಯುವ ಕ್ರಮ ಕಷ್ಟದ್ದಲ್ಲ. ಲೋಡಿನ ಮೇಲಿನಿಂದ, ನಡುವಿನಿಂದ, ತಳದಿಂದ ಕೆಲವು ತುಂಡುಗಳನ್ನು ಆರಿಸಿ. ಪ್ರತಿಯೊಂದರ ತುದಿಯನ್ನು ಬಿಟ್ಟು ನಡುಭಾಗದಿಂದ ಎರಡು ಬೆರಳು ದಪ್ಪದ ಬಿಲ್ಲೆ ಕೊಯ್ಯಿರಿ. ತುದಿ ಯಾವಾಗಲೂ ಬೇಗ ಒಣಗಿರುವುದರಿಂದ ಅದನ್ನು ನಂಬುವಂತಿಲ್ಲ. ಕೊಯ್ದ ತಕ್ಷಣ, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಆಮೇಲೆ ಬಿಲ್ಲೆಗಳನ್ನು ಸಣ್ಣ ಚಕ್ಕೆಗಳಾಗಿ ಒಡೆದು ಒಣಗಿಸಿ. ಪ್ರಯೋಗಾಲಯದಲ್ಲಿ 103ರಿಂದ 105 ಡಿಗ್ರಿಯ ಓವನ್ ಬಳಸುತ್ತಾರೆ. ಕೇಕು ಬೇಯಿಸುವ ಓವನ್ ಆದರೂ ಸಾಕು, ಅದೂ ಇಲ್ಲದಿದ್ದರೆ ಒಲೆಯ ಬದಿಯ ಬಿಸಿ ಕಟ್ಟೆಯ ಮೇಲೆ ತಗಡಿನ ತಟ್ಟೆಯಲ್ಲಿ ಹರಡಿ, ಕಂದು ಬಣ್ಣಕ್ಕೆ ತಿರುಗಿ ಸುಡದಂತೆ ನೋಡಿಕೊಳ್ಳಿ. ಬಿಟ್ಟು ಬಿಟ್ಟು ತೂಗುತ್ತಾ, ತೂಕ ಇನ್ನು ಇಳಿಯುವುದಿಲ್ಲ ಎಂದಾಗ ನಿಲ್ಲಿಸಿ. ಕಳೆದ ತೂಕವನ್ನು ಮೊದಲಿನ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವಾಂಶದ ಶೇಕಡಾ ಪ್ರಮಾಣ ಸಿಗುತ್ತದೆ. 400 ಗ್ರಾಂ ಇದ್ದದ್ದು 240ಕ್ಕೆ ನಿಂತರೆ ಶೇಕಡಾ 40.

ಎರಡು ಮುಳ್ಳುಗಳ ತೇವಾಂಶ ಮಾಪಕ ಸಿಗುತ್ತದೆ, ಆದರೆ ಎಚ್ಚರದಿಂದ ಬಳಸಬೇಕು. ಅದು ತೋರಿಸುವುದು ಒಣ ಮರದ ತೂಕಕ್ಕೆ ಹೋಲಿಸಿದ ನೀರಿನ ಪ್ರಮಾಣವನ್ನು. ಅಲ್ಲಿ 25 ಎಂದು ಬಂದರೆ ನಾನು ಮೇಲೆ ಹೇಳಿದ ಲೆಕ್ಕದಲ್ಲಿ ಅದು ಶೇಕಡಾ 20. ಮಾಪಕದ ಅಂಕಿ 30 ದಾಟಿದ ಮೇಲೆ ಅದನ್ನು ಅಷ್ಟಾಗಿ ನಂಬುವಂತಿಲ್ಲ. ತುಂಡನ್ನು ಆಗಲೇ ಸೀಳಿ, ಹೊಸ ಮೈಗೆ ಮುಳ್ಳು ಚುಚ್ಚಬೇಕು.

ಉತ್ತರ 3 (ಸೌದೆ ಡಿಪೋ ಮಾಲೀಕ, ಶಿವಮೊಗ್ಗ)

ಇಬ್ಬರು ಹೇಳಿದ್ದೂ ಸರಿ. ಮಾರುವವನ ಕಡೆಯ ಲೆಕ್ಕವನ್ನೂ ಇಡುತ್ತೇನೆ, ಅದಿಲ್ಲದೆ ಈ ವಿಷಯ ಬಗೆಹರಿಯುವುದಿಲ್ಲ.

ಎಂಜಿನಿಯರ್ ಅವರ ಲೆಕ್ಕದಲ್ಲೇ ನೋಡಿದರೆ ಅರ್ಧ ನೀರಿರುವ ಒಂದು ಟನ್ ಸೌದೆ ನನ್ನ ಡಿಪೋದಲ್ಲಿ ಶೇಕಡಾ 20ಕ್ಕೆ ಒಣಗುವಷ್ಟರಲ್ಲಿ 625 ಕಿಲೋ ಆಗಿರುತ್ತದೆ. ಉಳಿದ 375 ಕಿಲೋಗೆ ನಾನು ರೈತರಿಗೆ ದುಡ್ಡು ಕೊಟ್ಟಿರುತ್ತೇನೆ, ಸಾಗಣೆ ಕೊಟ್ಟಿರುತ್ತೇನೆ, ಸೀಳಿಸಿದ ಕೂಲಿ ಕೊಟ್ಟಿರುತ್ತೇನೆ. ಅದರ ಮೇಲೆ ಶೆಡ್ಡಿನ ಬಾಡಿಗೆ, ಬಂಡವಾಳದ ಬಡ್ಡಿ. ಒಣ ಸೌದೆಗೆ ಹಸಿಯ ಒಂದೂವರೆ ಪಟ್ಟಿಗಿಂತ ಹೆಚ್ಚಿನ ದರ ಹೇಳಿದರೆ ಗಿರಾಕಿ ಎದ್ದು ಪಕ್ಕದವನ ಹತ್ತಿರ ಹೋಗುತ್ತಾರೆ. ಪಕ್ಕದವನು ಹಸಿಯದನ್ನೇ ಒಣ ಎಂದು ಕೊಡುತ್ತಾನೆ. ಒಣಗಿಸಿ ಮಾರುವವನಿಗೆ ಮಾರುಕಟ್ಟೆಯಲ್ಲಿ ಶಿಕ್ಷೆ ಸಿಗುವುದು ಹೀಗೆ. ನಾನು ನನ್ನ ಡಿಪೋದಲ್ಲಿ ಹಸಿ ಮತ್ತು ಒಣ ಸೌದೆಗೆ ಬೇರೆ ಬೇರೆ ಒಟ್ಟಿಲು, ಬೇರೆ ಬೇರೆ ದರದ ಬೋರ್ಡು ಇಟ್ಟಿದ್ದೇನೆ. ಹಸಿಯದನ್ನು ಹಸಿ ಎಂದೇ ಹೇಳಿ ಹಸಿಯ ದರಕ್ಕೆ ಕೊಟ್ಟರೆ ಅದರಲ್ಲಿ ಅನ್ಯಾಯವಿಲ್ಲ.

ಲೋಡಿನ ಬಗ್ಗೆ. ನಿಮ್ಮ ಒಂದು ಲೋಡಿಗೂ ಇನ್ನೊಂದಕ್ಕೂ ವ್ಯತ್ಯಾಸ ಬರುವುದು ಜೋಡಣೆಯಲ್ಲಿ. ನೇರವಾದ ಸೀಳುಗಳನ್ನು ಉದ್ದಕ್ಕೆ ಒತ್ತಾಗಿ ಜೋಡಿಸಿದರೆ ಒಟ್ಟಿಲಿನ ಮೂರನೇ ಎರಡು ಪಾಲು ಮರವಿರುತ್ತದೆ, ಉಳಿದದ್ದು ಸಂದು. ಮನಸ್ಸಿಗೆ ಬಂದಂತೆ ಎಸೆದು ತುಂಬಿದರೆ ಮರ ಅರ್ಧಕ್ಕಿಂತಲೂ ಕಡಿಮೆ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೈಲರಿನಲ್ಲಿ ಇಷ್ಟರಿಂದಲೇ ಅರ್ಧ ಟನ್ನಿನಷ್ಟು ವ್ಯತ್ಯಾಸ ಬರಬಹುದು. ಹಿಂದಿನ ಬಾಗಿಲ ಹತ್ತಿರ ಚೆಂದವಾಗಿ ಜೋಡಿಸಿ, ಒಳಗೆ ಸೊಟ್ಟ ಕೊಂಬೆಗಳನ್ನು ಅಡ್ಡಡ್ಡ ಇಟ್ಟು ಪೊಳ್ಳು ಬಿಡುವುದು, ನಡುವೆ ಮಣ್ಣು ಹಿಡಿದ ಬೊಡ್ಡೆಗಳನ್ನು ಹುದುಗಿಸುವುದು ಈ ವ್ಯಾಪಾರದಲ್ಲಿ ಇದೆ. ನಾಲ್ಕು ಗೂಟ ನೆಟ್ಟು, ಒಂದು ಮೀಟರ್ ಉದ್ದ, ಅಗಲ, ಎತ್ತರಕ್ಕೆ ಒತ್ತಾಗಿ ಜೋಡಿಸಿ ಘನ ಮೀಟರಿಗೆ ದರ ಮಾತಾಡಿದರೆ ಗಾತ್ರದ ಲೆಕ್ಕವೂ ನ್ಯಾಯವಾಗಿರುತ್ತದೆ. ಗಾತ್ರದಲ್ಲಿ ಕೊಳ್ಳುವುದರ ಒಂದು ಅನುಕೂಲವೆಂದರೆ ನೀರು ಹೆಚ್ಚಿದ್ದರೂ ಒಟ್ಟಿಲು ದೊಡ್ಡದಾಗುವುದಿಲ್ಲ.

ಆದರೆ ಗಾತ್ರದಲ್ಲಿ ಕೊಳ್ಳುವಾಗ ಮರದ ಜಾತಿ ನೋಡಲೇಬೇಕು. ಒಣಗಿದ ಸರ್ವೆ, ಕರಿಜಾಲಿ, ಹುಣಸೆ ಇವು ಘನ ಮೀಟರಿಗೆ 800 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗುತ್ತವೆ. ಬೂರುಗ 400 ಕಿಲೋ ಕೂಡ ತೂಗುವುದಿಲ್ಲ. ಸಿಲ್ವರ್ ಓಕ್, ಮಾವು ಇವುಗಳ ನಡುವೆ ಬರುತ್ತವೆ. ತೂಕದಲ್ಲಿ ಕೊಳ್ಳುವಾಗ ಜಾತಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ, ಕೆಂಡ ನಿಲ್ಲುವುದರಲ್ಲಿ ಮಾತ್ರ ವ್ಯತ್ಯಾಸ. ಅಡಿಕೆ ಬೇಯಿಸಲು ಹೊತ್ತು ಹೊತ್ತು ಒಂದೇ ಸಮನೆ ಉರಿ ಬೇಕಾದ್ದರಿಂದ ನಾನಾದರೆ ಜಾಲಿ ಅಥವಾ ಅಕೇಶಿಯಾ ಆರಿಸುತ್ತೇನೆ, ಉರಿ ಹಿಡಿಸಲು ಮಾತ್ರ ನೀಲಗಿರಿಯ ಸಣ್ಣ ಸೀಳು.

ಮಳೆಯಲ್ಲಿ ನೆನೆದ ಒಣ ಸೌದೆ ಬೇರೆ, ಹಸಿ ಸೌದೆ ಬೇರೆ. ಮೊದಲನೆಯದು ಮಾಡಿನ ಕೆಳಗೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ, ಎರಡನೆಯದು ಮಳೆಗಾಲ ಮುಗಿದರೂ ಒಣಗುವುದಿಲ್ಲ. ತುದಿಯಲ್ಲಿ ನಡುವಿನಿಂದ ಹೊರಗೆ ಬಿರುಕು ಬಿಟ್ಟಿದೆಯೇ, ತೊಗಟೆ ಕೈಯಲ್ಲಿ ಎಬ್ಬಿದರೆ ಬರುತ್ತದೆಯೇ, ಎರಡು ತುಂಡು ಕುಟ್ಟಿದರೆ ಗಟ್ಟಿ ಸದ್ದು ಬರುತ್ತದೆಯೇ ನೋಡಿ. ಹಸಿಯದಾದರೆ ಸದ್ದು ಮಂಕಾಗಿರುತ್ತದೆ.

ಮತ್ತೊಂದು ಸಲಹೆ. ಜನವರಿ, ಫೆಬ್ರವರಿಯಲ್ಲಿ ಹಸಿ ಸೌದೆಯನ್ನೇ ಹಸಿಯ ದರಕ್ಕೆ ಕೊಂಡು, ಸೀಳಿಸಿ, ಕೆಳಗೆ ಕಲ್ಲು ಅಥವಾ ಅಡಿಕೆ ಮರದ ದಬ್ಬೆ ಹಾಸಿ ನೆಲಕ್ಕೆ ತಾಗದಂತೆ ಒಟ್ಟಿ, ಮೇಲೆ ಮಾತ್ರ ಮುಚ್ಚಿ, ಬದಿಗಳನ್ನು ತೆರೆದಿಡಿ. ಕೊಯ್ಲಿನ ಹೊತ್ತಿಗೆ ನಿಮ್ಮದೇ ಒಣ ಸೌದೆ ಸಿದ್ಧ.

ಉತ್ತರ 4 (ಮದುವೆ ಅಡುಗೆ ಗುತ್ತಿಗೆದಾರರು, ಮೈಸೂರು)

ಸೌದೆಯ ಗುಣಮಟ್ಟ ಎಂದರೆ ತೇವಾಂಶ ಮಾತ್ರವಲ್ಲ. ಕಡಿಮೆ ದರಕ್ಕೆ ಒಣ ಸೌದೆ ಎಂದು ಬರುವ ಲೋಡುಗಳಲ್ಲಿ ಹಳೆಯ ಬಾಗಿಲು, ಕಿಟಕಿ, ಪ್ಲೈವುಡ್, ಬಣ್ಣ ಬಳಿದ ಹಲಗೆಗಳು ಸೇರಿರುತ್ತವೆ. ಅವು ಚೆನ್ನಾಗಿ ಒಣಗಿರುವುದು ನಿಜ, ಉರಿಯುವುದೂ ಜೋರಾಗಿ. ಆದರೆ ಬಣ್ಣ, ಅಂಟು, ಹುಳ ಹಿಡಿಯದಂತೆ ಹಾಕಿದ ಔಷಧಿ ಇವೆಲ್ಲ ಹೊಗೆಯಾಗಿ ಅಡುಗೆಯವರ ಎದೆಗೇ ಹೋಗುತ್ತವೆ, ಬೂದಿಯಲ್ಲೂ ಉಳಿಯುತ್ತವೆ. ತೋಟದವರು ಒಲೆಯ ಬೂದಿಯನ್ನು ಗಿಡಗಳ ಬುಡಕ್ಕೇ ಹಾಕುವುದರಿಂದ ಇನ್ನೂ ಹೆಚ್ಚು ಎಚ್ಚರ ಬೇಕು. ಸಾಮಿಲ್ಲಿನ ಸಿಪ್ಪೆಯಾದರೆ ತೊಂದರೆಯಿಲ್ಲ, ಅದು ಮರವೇ. ಬಿಲ್ಲಿನಲ್ಲಿ "ಬಣ್ಣ, ಪಾಲಿಶ್, ಪ್ಲೈವುಡ್ ಇರಕೂಡದು" ಎಂಬ ಮಾತನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಬೇಸಿಗೆಯಲ್ಲೇ ಕೊಳ್ಳುವ ಸಲಹೆಯನ್ನು ಮನೆಯವರೂ ಒಪ್ಪಿದ್ದಾರೆ; ಆದರೆ ಪೂರ್ತಿ ವರ್ಷದ ಸೌದೆಗೆ ಒಟ್ಟಿಗೆ ಹಣ ಹೊಂದಿಸುವುದು ಕಷ್ಟ, ಆದ್ದರಿಂದ ಸ್ವಲ್ಪವನ್ನು ಕೊಯ್ಲಿನ ನಡುವೆ ಕೊಳ್ಳಲೇಬೇಕು. ಅದಕ್ಕೆ ಟನ್ನಿನ ಲೆಕ್ಕವನ್ನೇ ಉಳಿಸಿಕೊಂಡು, ಜಾತಿ, ಸೀಳಿದ ಸೌದೆ, ತೇವಾಂಶ ಶೇಕಡಾ 25ರೊಳಗೆ, ಬಣ್ಣದ ಹಲಗೆ ಬೇಡ ಎಂದು ಬರೆಸಿಕೊಳ್ಳಬೇಕೆಂದಿದ್ದೇನೆ. ಉಳಿದಿರುವುದು ಒಂದು ಪ್ರಶ್ನೆ. ಬಂದ ಲೋಡು ಶೇಕಡಾ 25 ದಾಟಿದ್ದರೆ ಹಿಂದಕ್ಕೆ ಕಳಿಸುವುದು ಇಬ್ಬರಿಗೂ ನಷ್ಟ, ಒಲೆಯೂ ಕಾಯುವುದಿಲ್ಲ. ಆಗ ದರವನ್ನು ಯಾವ ರೀತಿ ಇಳಿಸುವುದು ನ್ಯಾಯ?

ಉತ್ತರ 5 (ಎಂಜಿನಿಯರ್, ಬೆಂಗಳೂರು)

ನೂರರಿಂದ ಅಳೆದ ತೇವಾಂಶವನ್ನು ಕಳೆಯಿರಿ, ನೂರರಿಂದ ಒಪ್ಪಿಕೊಂಡ ತೇವಾಂಶವನ್ನೂ ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಒಪ್ಪಿದ್ದು 25, ಬಂದದ್ದು 40 ಎಂದಾದರೆ 60 ಭಾಗಿಸು 75, ಅಂದರೆ 0.8. ವೇಬ್ರಿಡ್ಜಿನಲ್ಲಿ 2000 ಕಿಲೋ ಬಂದಿದ್ದರೆ ನೀವು ಹಣ ಕೊಡಬೇಕಾದದ್ದು 1600 ಕಿಲೋಗೆ. ಹೆಚ್ಚಿನ ನೀರನ್ನು ಆವಿ ಮಾಡಲು ಹೋಗುವ ಶಾಖ ಇದರಲ್ಲಿ ಸೇರಿಲ್ಲ, ಹಾಗಾಗಿ ಈ ಲೆಕ್ಕ ಮಾರುವವರ ಕಡೆಗೇ ತುಸು ಉದಾರವಾಗಿದೆ. ಅದೇ ಸೂತ್ರದಲ್ಲಿ ಶೇಕಡಾ 20ರ ಸೌದೆ ಬಂದರೆ ನೀವು ತೂಕಕ್ಕಿಂತ ಸ್ವಲ್ಪ ಹೆಚ್ಚು ಹಣ ಕೊಡಬೇಕಾಗುತ್ತದೆ. ಅದನ್ನೂ ಮೊದಲೇ ಒಪ್ಪಿಕೊಳ್ಳಿ.

ಉತ್ತರ 6 (ಸೌದೆ ಡಿಪೋ ಮಾಲೀಕ, ಶಿವಮೊಗ್ಗ)

ಈ ಲೆಕ್ಕಕ್ಕೆ ನನ್ನ ಒಪ್ಪಿಗೆ ಇದೆ, ಒಣಗಿಸಿ ಕೊಡುವ ಯಾವ ವ್ಯಾಪಾರಿಯೂ ಒಪ್ಪುತ್ತಾನೆ. ಒಂದು ಷರತ್ತು ಮಾತ್ರ ಸೇರಿಸಿ. ಲೋಡು ಇಳಿಸುವ ಮೊದಲೇ, ಮಾರುವವನ ಕಡೆಯವರೊಬ್ಬರು ಎದುರಿಗಿರುವಾಗಲೇ ಮಾದರಿ ತುಂಡುಗಳನ್ನು ತೆಗೆದು ಬಿಲ್ಲೆ ಕೊಯ್ದು ತೂಗಿ, ಆ ತೂಕವನ್ನು ಬಿಲ್ಲಿನ ಹಿಂಭಾಗದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಇಳಿಸಿ ಎರಡು ದಿನ ಮಳೆಯಲ್ಲಿ ಬಿದ್ದ ಮೇಲೆ ತೆಗೆದ ಮಾದರಿಯನ್ನು ಯಾರೂ ಒಪ್ಪುವುದಿಲ್ಲ. ಹಣದ ಸ್ವಲ್ಪ ಭಾಗವನ್ನು ಚಕ್ಕೆ ಒಣಗಿ ಲೆಕ್ಕ ಸಿಗುವವರೆಗೆ ಉಳಿಸಿಕೊಂಡರೂ ಅಭ್ಯಂತರವಿಲ್ಲ, ಆದರೆ ಅದನ್ನು ಲೋಡು ಹೊರಡುವ ಮೊದಲೇ ಫೋನಿನಲ್ಲಿ ಹೇಳಿಬಿಡಿ.